ಮೂರನೆಯ ತಟ್ಟು

"ಇರ್... ರೆ..." ವರ್ನಾಳ ಬೆರಳು ಮೈಕಿನ ಮೇಜನ್ನು ಎರಡು ಸಲ ತಟ್ಟಿ ನಿಂತಿತು. ಲಕ್ವ ಹೊಡೆದ ಮೇಲೆ ಅವಳು ಮತ್ತೆ ಮಾತು ಕಲಿತದ್ದೇ ಹೀಗೆ: ಪದದ ತುಂಡಿಗೊಂದು ತಟ್ಟು, ಒತ್ತು ಬೀಳುವಲ್ಲಿ ಜೋರಾಗಿ. ಊರಿನ ಗ್ರಂಥಾಲಯ ಮುಚ್ಚಹೊರಟ ಪುರಸಭೆಯನ್ನು ಅದರ ಬಹಿರಂಗ ಸಭೆಯಲ್ಲೇ ಅವಳು ಹೊಣೆಗೇಡಿ ಎನ್ನಬೇಕಿತ್ತು, 'ಇರ್ರೆಸ್ಪಾನ್ಸಿಬಲ್'.

"ತಪ್ಪು ಅಂದ್ಬಿಡಿ ಮೇಡಂ, ಸಾಕು," ಎಂದ ಅಧ್ಯಕ್ಷ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಗಂಟೆ ಹೊಡೆಯಿತು. "ನಿಮ್ಮ ಮೂರು ನಿಮಿಷ ಮುಗೀತು. ಮುಂದಿನವ್ರು ಬನ್ನಿ."

ಸಾಲಿನಲ್ಲಿ ಮುಂದಿದ್ದವನು ಹಾರ್ಲನ್, ಮೂವತ್ತು ವರ್ಷ ಪ್ರತಿ ಸಭೆಯಲ್ಲೂ ಅವಳೊಡನೆ ಜಗಳಾಡಿದವನು. ಇವತ್ತೂ ಗ್ರಂಥಾಲಯ ಮುಚ್ಚಿ ಎನ್ನಲೇ ಬಂದಿದ್ದ. ಅವನು ಕೈಯಲ್ಲಿದ್ದ ಚೀಟಿ ಮಡಚಿದ.

"ನನ್ ಮೂರು ನಿಮಿಷಾನೂ ಆಯಮ್ಮಂಗೇ ಕೊಡಿ. ಅರ್ಧಂಬರ್ಧ ಬೈಸ್ಕೊಂಡು ನಂಗೆ ಅಭ್ಯಾಸ ಇಲ್ಲ."

ವರ್ನಾ ಅವನತ್ತ ತಿರುಗಲೂ ಇಲ್ಲ. ಮತ್ತೆ ಮೊದಲಿನಿಂದ ತಟ್ಟಿದಳು. ಮೂರನೆಯ ತಟ್ಟಿಗೆ ಮೈಕು ಗುಡುಗಿತು: "ಸ್ಪಾನ್!"