ಎರಡು ಪಿನ್ನು

ಹೊರಡುವ ಹೊತ್ತಿಗೆ ಸೈಕಲ್ಲಿನ ಎರಡೂ ಚಕ್ರ ನೆಲ ಕಚ್ಚಿದ್ದವು. ಸಮುದ್ರದವರೆಗೆ ತುಳಿದೇ ಹೋಗಲು ಚೀಲ ಕಟ್ಟಿಕೊಂಡಿದ್ದ ನಿವೃತ್ತ ನರ್ಸಮ್ಮ ಬಗ್ಗಿ ನೋಡಿದಳು. ಪಂಕ್ಚರ್ ಅಲ್ಲ, ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನೇ ಇಲ್ಲ.

"ನಾನೇ ತೆಗ್ದು ಬಿಸಾಕಿದೆ," ಎಂದ ಮಗ, ಬಾಗಿಲಲ್ಲಿ ಟೈ ಬಿಗಿಯುತ್ತ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಜನ ನಗ್ತಾರೆ. ಮನೇಲಿ ತೆಪ್ಪಗಿರಮ್ಮ."

ಅವಳ ಮೈಯೆಲ್ಲ ಉರಿದುಹೋಯಿತು. ಇಂಜೆಕ್ಷನ್ ಚುಚ್ಚಿ ಪಳಗಿದ ಕೈ ಚೀಲದಿಂದ ಪಿನ್ನು ತಿರುಗಿಸುವ ಕೀಲಿ ತೆಗೆಯಿತು. ಈ ಸೈಕಲ್ಲಿಗೂ ಕಾರಿಗೂ ಪಿನ್ನು ಒಂದೇ ಎಂದು ರಿಪೇರಿ ಕಲಿಯುವಾಗಲೇ ತಿಳಿದಿತ್ತು. ಮಗನ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಂದಿನ ಎರಡೂ ಟೈರುಗಳ ಪಿನ್ನು ತಿರುಗಿಸಿ ತೆಗೆದಳು. ಕಾರು ಬುಸ್ಸೆಂದು ಮೂಗು ತಗ್ಗಿಸಿತು.

"ಅಮ್ಮಾ! ನಾನು ಆಫೀಸಿಗೆ ಹೇಗೆ ಹೋಗ್ಲಿ?"

ಅವಳು ಆ ಪಿನ್ನುಗಳನ್ನು ಸೈಕಲ್ಲಿಗೆ ಕೂರಿಸಿ, ಗಾಳಿ ಹೊಡೆದು, ಹತ್ತಿದಳು.

"ನಡ್ಕೊಂಡು ಹೋಗು. ನಿಂಗಿನ್ನೂ ಚಿಕ್ಕ ವಯಸ್ಸು."