ಬಿಸಿನೀರಿನ ಷರತ್ತು

ಕೊಳವೆ ತಿರುಗುಮುರುಗಾಯಿತೇ? ಒಳಗೆಲ್ಲೋ ಗಾಳಿ ಸಿಕ್ಕಿಕೊಂಡಿದೆಯೇ? ಅಥವಾ ಅತ್ತೆ ಹೇಳುವುದೇ ನಿಜವೇ, ತಾನು ಕೈಯಿಟ್ಟ ಯಾವುದೂ ನೆಟ್ಟಗಾಗುವುದಿಲ್ಲವೇ?

ದೋಣಿಯ ಪುಟ್ಟ ಅಡುಗೆಕೋಣೆಯಲ್ಲಿ ಮಂಡಿಯೂರಿದ್ದ ಅಳಿಯ ನಲ್ಲಿಯ ಕೆಳಗೆ ಬೆರಳು ಹಿಡಿದ. ನೀರು ಧಾರಾಳವಾಗಿ ಬಂತು. ಮಂಜಿನಂತೆ ಕೊರೆಯುತ್ತಿತ್ತು.

"ಏನಂತೆ ನಿಮ್ಮ ಹೀಟರು, ವೇದಾಂತಿಗಳೇ?" ಮೇಲಿನಿಂದ ಮಾವನ ದನಿ ಇಳಿದು ಬಂತು.

"ಯೋಚಿಸ್ತಾ ಇದೀನಿ ಮಾವ."

"ಯೋಚನೆಯಿಂದ ನೀರು ಕಾಯೋ ಹಾಗಿದ್ರೆ ನಿಮ್ಮ ತಲೆ ಮೇಲೇ ಹಂಡೆ ಇಡ್ತಿದ್ವಲ್ಲ!"

ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ.

ಮಾವ ನೀರು ಸರಬರಾಜು ಕಚೇರಿಯಲ್ಲಿದ್ದವರು. ನಲ್ಲಿಯಲ್ಲಿ ನೀರೇಕೆ ಬರುತ್ತಿಲ್ಲ ಎಂದು ಕೇಳಲು ಬಂದವರಿಗೆ ಸಮಾಧಾನ ಹೇಳುವುದರಲ್ಲೇ ಅವರ ಸರ್ವೀಸು ಕಳೆದಿತ್ತು. ನಿವೃತ್ತರಾದ ಮೇಲೆ ಹೊಸ ದೋಣಿಯನ್ನೂ ಲಂಗರಿನ ಚಿತ್ರವಿರುವ ಟೋಪಿಯನ್ನೂ ಕೊಂಡರು. ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಹಾಗೆ ಕರೆಯಿರಿ ಎಂದು ಅವರೇ ಸೂಚಿಸಿದ್ದರು. ದಿನಾ ಮುಂಜಾನೆ ದೋಣಿಗಳು ನಿಲ್ಲುವ ಧಕ್ಕೆಗೆ ಒಬ್ಬರೇ ಹೋಗುವರು, ಊಟದ ಹೊತ್ತಿಗೆ ಮರಳುವರು. ಊಟದ ಮೇಜಿನ ಮೇಲೆ ಅಲೆಗಳು ಏಳುತ್ತಿದ್ದವು. ಒಂದೊಂದು ತುತ್ತಿಗೂ ಒಂದೊಂದು ಆಳೆತ್ತರ ಹೆಚ್ಚುತ್ತಿದ್ದವು.

ಹೀಟರನ್ನು ಕೂಡಿಸಿದ್ದು ಅಳಿಯ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು, ಸ್ಪ್ಯಾನರ್ ಹಿಡಿದದ್ದೇ ಮೊದಲು. ಆ ಹೀಟರಿಗೆ ವಿದ್ಯುತ್ತಿನ ಗೊಡವೆಯಿಲ್ಲ. ದೋಣಿ ಓಡುವಾಗ ಎಂಜಿನ್ನಿನ ಬಿಸಿ ಒಂದು ಕೊಳವೆಯಲ್ಲಿ ಹರಿದು ಬಂದು, ಟ್ಯಾಂಕಿನೊಳಗಿನ ಸುರುಳಿಯಲ್ಲಿ ಸುತ್ತಿ, ನೀರನ್ನು ಕಾಯಿಸುತ್ತದೆ. ಅಷ್ಟೇ. ಆವತ್ತೇ ಓಡಿಸಿ ನೋಡೋಣವೆಂದಿದ್ದ. "ಪರೀಕ್ಷೆ ನಾನು ಸಮುದ್ರದಲ್ಲಿ ಮಾಡ್ತೀನಿ. ನೀವು ಬಂದ್ರೆ ವಾಂತಿ ಒರೆಸೋರು ಯಾರು?" ಎಂದು ಮಾವ ಅವನನ್ನು ಮನೆಗೆ ಕಳಿಸಿದ್ದರು.

ಅಂದಿನಿಂದ ಈ ತಿಂಗಳಿಡೀ ತಣ್ಣೀರು.

ಮುಂದಿನ ವಾರ ಕರಾವಳಿಯುದ್ದಕ್ಕೂ ಅತ್ತೆ-ಮಾವನ ಪ್ರವಾಸ. ಕ್ಯಾಪ್ಟನ್ ಬೀದಿಗೆಲ್ಲ ಸಾರಿಯಾಗಿತ್ತು. ಅತ್ತೆಯದು ಒಂದೇ ಷರತ್ತು: ಮಂಡಿನೋವಿಗೆ ಬಿಸಿನೀರು ಬೇಕು, ಇಲ್ಲದಿದ್ದರೆ ದೋಣಿ ಹತ್ತುವುದಿಲ್ಲ. ಈಗ ಪ್ರವಾಸವೆಲ್ಲ ಅಳಿಯನ ಕೊರಳಿಗೆ ಬಿದ್ದಿತ್ತು.

"ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಇವರ ಕೈಗೆ ಒಂದು ಬಲ್ಬೂ ಕೊಡಲ್ಲ," ಎಂದರು ಅತ್ತೆ, ಕೈಗೆ ಮೆತ್ತಿದ ಹಸಿರನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಥೂ, ದೋಣಿ ಕಟ್ಟಿದ ಹಗ್ಗಕ್ಕೆಲ್ಲ ಪಾಚಿ!"

"ಅದು ಕಡಲಿನ ಪಾಚಿ ಕಣೇ. ಅನುಭವದ ಗುರುತು," ಎಂದರು ಕ್ಯಾಪ್ಟನ್.

"ಈಗಲೇ ಎಂಜಿನ್ ಹಾಕಿ ನೋಡಬಾರದಾ?" ಎಂದ ಅಳಿಯ.

"ಈಗಷ್ಟೇ ದೀಪಸ್ತಂಭದ ತನಕ ಓಡಿ ಬಂದಿದೆ, ಪಾಪ. ಅದಕ್ಕೂ ವಿಶ್ರಾಂತಿ ಬೇಡವಾ?"

ಹೆಂಡತಿ ಬಗ್ಗಿ ಟಾರ್ಚು ಕೊಟ್ಟಳು. ಪಿಸುಗುಟ್ಟಿದಳು: "ಹೇಗಾದ್ರೂ ಸರಿಮಾಡಿಬಿಡಿ. ಅಪ್ಪನ ಮುಂದೆ ಒಂದೇ ಒಂದು ಸಲ ನಾನು ತಲೆ ಎತ್ತಬೇಕು."

ಅವನು ನೆಲದ ಹಲಗೆ ಸರಿಸಿ ಎಂಜಿನ್ನಿನ ಗೂಡಿಗೆ ಇಳಿದ.

"ಹುಷಾರು! ಕಾದು ಕೆಂಡ ಆಗಿದೆ. ದೂರದಿಂದ್ಲೇ ನೋಡಿ, ಮುಟ್ಟಬೇಡಿ!" ಮಾವನ ದನಿಯಲ್ಲಿ ನಿಜವಾದ ಕಾಳಜಿಯಿತ್ತು.

ಟ್ಯಾಂಕು ನೋಡಿದ. ಕ್ಲಿಪ್ಪುಗಳನ್ನು ಅಲುಗಿಸಿದ. ಕೊಳವೆಯ ಜಾಡು ಹಿಡಿದು ಟಾರ್ಚಿನ ಬೆಳಕು ಎಂಜಿನ್ನಿನತ್ತ ಸರಿಯಿತು. ಅವನು ಕೈ ಚಾಚಿದ. ಕೈ ಅಲ್ಲೇ ನಿಂತಿತು.

ಮೇಲೆ ಶಿಳ್ಳೆ ಹಾಕುತ್ತಿದ್ದ ಮಾವ ಸುಮ್ಮನಾದರು.

"ಸಿಕ್ತಾ?" ಎಂದರು ಮಾವ. ದನಿ ತೆಳ್ಳಗಾಗಿತ್ತು.

"ಸಿಕ್ತು ಮಾವ."

ಬೆರಳುಗಳನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತ ಅವನು ಮೇಲೆ ಬಂದ.

"ಅಯ್ಯೋ, ಸುಟ್ಕೊಂಡ್ರಾ?" ಎಂದಳು ಹೆಂಡತಿ.

"ಮಾವ ಹೇಳಿದ್ರು. ನಾನೇ ಕೇಳ್ಲಿಲ್ಲ."

ಕ್ಯಾಪ್ಟನ್ ಆ ಬೆರಳುಗಳನ್ನು ನೋಡಿದರು. ಆಮೇಲೆ ಅಳಿಯನ ಮುಖ ನೋಡಿದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ತಪ್ಪು ನಂದೇ ಅತ್ತೆ. ಕೊಳವೆ ತಿರುಗುಮುರುಗು ಕೂರಿಸಿದ್ದೆ. ಒಳಗಿನ ಸುರುಳಿ ಹಾಳಾಗಿದೆ. ಹೊಸದು ಬರೋ ಹೊತ್ತಿಗೆ ಈ ಸಲದ ಪ್ರವಾಸದ ಕಾಲ ಮುಗಿದಿರುತ್ತೆ."

ಅತ್ತೆ ಹಣೆ ಚಚ್ಚಿಕೊಂಡರು. ಹೆಂಡತಿ ಮುಖ ತಿರುಗಿಸಿ ನೀರು ನೋಡುತ್ತ ನಿಂತಳು.

ಮಾವ ಮಾತ್ರ ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾದಂದಿನಿಂದ ಆ ಕೈ ಅಲ್ಲಿಗೆ ಬಂದಿರಲಿಲ್ಲ. "ಹೋಗ್ಲಿ ಬಿಡೇ, ಗೊತ್ತಿಲ್ದೆ ಆಗಿದೆ. ಪ್ರವಾಸ ಎಲ್ಲಿಗೆ ಓಡಿಹೋಗುತ್ತೆ?" ತಾವೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. "ತಗೋ, ಕುಡಿಯಪ್ಪಾ." ಹೊಗೆಯಾಡುವ ಸ್ಟೀಲಿನ ಲೋಟವನ್ನು ಅವನು ಅದೇ ಬೆರಳುಗಳಿಂದ ಹಿಡಿದ. ಮರೆತಿದ್ದ. ಕ್ಯಾಪ್ಟನ್ ಕಣ್ಣು ತಗ್ಗಿಸಿದರು.

ಮನೆಗೆ ಮರಳುವಾಗ ದಾರಿಯಲ್ಲಿ ಹೆಂಡತಿ ಒಂದೇ ಮಾತು ಆಡಿದಳು. "ಒಂದು ಕೊಳವೆ. ಅದನ್ನೂ ನೆಟ್ಟಗೆ ಕೂರಿಸೋಕಾಗ್ಲಿಲ್ವಲ್ಲ ನಿಮಗೆ." ಅವನ ನಾಲಗೆಯ ತುದಿಗೆ ಒಂದು ವಾಕ್ಯ ಬಂತು. ನುಂಗಿಕೊಂಡ.

ಎಂಜಿನ್ನು ಕಲ್ಲಿನಷ್ಟು ತಣ್ಣಗಿತ್ತೆಂದು, ಅದರ ಬೆಲ್ಟಿನಿಂದ ಗೋಡೆಯವರೆಗೆ ಜೇಡವೊಂದು ಹೆಣೆದಿದ್ದ ಬಲೆ ಒಂದೆಳೆಯೂ ಹರಿಯದೆ ಧೂಳು ಹಿಡಿದಿತ್ತೆಂದು, ಕ್ಯಾಪ್ಟನ್ನರ ದೋಣಿ ಧಕ್ಕೆ ಬಿಟ್ಟು ಕದಲಿಯೇ ಇರಲಿಲ್ಲವೆಂದು ಅವನು ಯಾರಿಗೂ, ಎಂದೂ ಹೇಳಲಿಲ್ಲ.