ಮುನ್ನೂರ ಹನ್ನೆರಡು, ಕೇಳಿಸ್ತಿದೆಯಾ?

ಹದಿನೆಂಟನೆಯ ದಿನದ ರೆಕಾರ್ಡಿಂಗನ್ನೂ ಕೇಳಿ ಮುಗಿಸಿದ ಕಿವಿಯಪ್ಪ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಕಂಟ್ರೋಲ್ ರೂಮಿನ ಆಪರೇಟರಮ್ಮನಿಗೂ ನೀರಿನ ಪಂಪ್‌ಹೌಸಿನ ಮುನ್ನೂರ ಹನ್ನೆರಡನೆಯ ನಂಬರಿನವನಿಗೂ ಏನೋ ಇದೆ.

ಕಿವಿಯಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಸರ್ಕಾರಿ ವಾಕಿಟಾಕಿಗಳಲ್ಲಿ ಆಡುವ ಮಾತನ್ನೆಲ್ಲ ಕೇಳಿ ತಪ್ಪು ಹಿಡಿಯುವುದು ಅವನ ಕೆಲಸ. ಕಂಟ್ರೋಲ್ ರೂಮಿನವರು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಕೇಳಿ ಕೇಳಿ ಸಾಕುಸಾಕಾಗಿತ್ತು. ಮನೆಗೆ ಹೋದರೆ ಹೆಂಡತಿಯದು ಇನ್ನೊಂದು ಚಾನೆಲ್, ಅದಕ್ಕೆ ಸ್ವಿಚ್ಚೇ ಇಲ್ಲ. ನಿವೃತ್ತಿಗೆ ಇನ್ನು ಎಂಟು ತಿಂಗಳು ಎಂಬುದೊಂದೇ ಸಮಾಧಾನ.

ಮೊದಲು ಇಲಾಖೆಗೊಂದು ರೇಡಿಯೊ ಇತ್ತು. ಐದು ವರ್ಷದ ಹಿಂದೆ ಪೊಲೀಸು, ಬೆಂಕಿ, ಆಂಬುಲೆನ್ಸು, ನೀರು, ರಸ್ತೆ ಎಲ್ಲವನ್ನೂ ಸೇರಿಸಿ ಒಂದೇ ಡಿಜಿಟಲ್ ಜಾಲ ಮಾಡಿದರು. ಒಂದೇ ನಲ್ಲಿಗೆ ಐದು ಬೀದಿಯ ಕೊಡಗಳು ಸಾಲಾಗಿ ಬಂದ ಹಾಗಾಯಿತು. ಯಾರ ಮುಖ ಯಾರಿಗೂ ಗೊತ್ತಿಲ್ಲ, ನಂಬರು ಮತ್ತು ದನಿ ಅಷ್ಟೇ. ಹೋದ ತಿಂಗಳು ಗೋದಾಮಿಗೆ ಬೆಂಕಿ ಬಿದ್ದ ದಿನ ಜಾಲ ತುಂಬಿ, ಆಂಬುಲೆನ್ಸಿನವನೊಬ್ಬ ಮಾತಾಡಲು ಹನ್ನೊಂದು ಸೆಕೆಂಡ್ ಕಾಯಬೇಕಾಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆದರೂ ದೊಡ್ಡ ಸಾಹೇಬರಿಗೆ ಒಂದು ತಲೆ ಬೇಕಿತ್ತು. ಜಾಲದಲ್ಲಿ ಹರಟುವವರೊಬ್ಬರ ಹೆಸರು ನಾಳೆ ಬೆಳಿಗ್ಗೆ ಮೇಜಿನ ಮೇಲಿರಲಿ, ಅವರನ್ನು ಕೆಲಸದಿಂದ ತೆಗೆದರೆ ಉಳಿದವರು ತಾವಾಗಿ ಬಾಯಿ ಮುಚ್ಚುತ್ತಾರೆ ಎಂದಿದ್ದರು.

ನಿಯಮವೇನೋ ಸರಳ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ಕಂಟ್ರೋಲ್ ಮೊದಲು ಕರೆಯಬೇಕು, ವಾಕಿಟಾಕಿ ಸೆಟ್ಟಿನವನು ಉತ್ತರ ಕೊಡಲೇಬೇಕು. ಕೇಳಿಸ್ತಿದೆಯಾ, ಕೇಳಿಸ್ತಿದೆ, ಮುಗಿಯಿತು. ನಾಲ್ಕು ಸೆಕೆಂಡಿನ ಕೆಲಸ. ನಾನೂರು ಸೆಟ್ಟುಗಳನ್ನೂ ಆಪರೇಟರಮ್ಮ ಒಣಗಿದ ದನಿಯಲ್ಲಿ ಹಾಗೇ ಕರೆದು ಮುಗಿಸುತ್ತಿದ್ದಳು. ಮುನ್ನೂರ ಹನ್ನೆರಡರ ಸರದಿ ಬಂದಾಗ ಮಾತ್ರ ಆ ದನಿಗೆ ಜೀವ ಬರುತ್ತಿತ್ತು.

“ಮುನ್ನೂರ ಹನ್ನೆರಡು, ದನಿ ಒಡೀತಿದೆ. ಗಂಟಲು ಕಟ್ಟಿದೆಯಾ?”

ಆ ಕಡೆಯವನು ಕೆಮ್ಮಿ ಗಂಟಲು ಸರಿಮಾಡಿಕೊಂಡೇ ಮಾತು ಶುರುಮಾಡುತ್ತಿದ್ದ. “ಸ್ವಲ್ಪ. ಬಿಸಿನೀರು ಕುಡಿದೆ.”

“ಇವತ್ತು ಎಷ್ಟೊತ್ತಿಗೆ ಮುಗಿಯುತ್ತೆ?”

“ವಾಲ್ವ್ ರಿಪೇರಿ ಇದೆ, ಏಳಾಗುತ್ತೆ. ಕಾಯೋದು ಬೇಡ.”

ಹದಿನೆಂಟು ದಿನವೂ ಇದೇ ರಾಗ. ಕಿವಿಯಪ್ಪನಿಗೆ ಒಂದೊಂದಾಗಿ ನೆನಪಾಯಿತು. ಐದು ವರ್ಷದಲ್ಲಿ ಎರಡು ಸಲ ಬಂದ ಬಡ್ತಿಯನ್ನು ಆಪರೇಟರಮ್ಮ ಬೇಡವೆಂದಿದ್ದಳು. ಬಡ್ತಿಯಾದರೆ ಮೈಕು ಕೈತಪ್ಪುತ್ತದೆ. ಅವಳ ಕಡತದಲ್ಲಿ ವಿವಾಹಿತೆ ಎಂದಿತ್ತು. ಗಂಡ ಏನು ಮಾಡ್ತಾರಮ್ಮ ಎಂದು ಒಮ್ಮೆ ಕೇಳಿದ್ದಕ್ಕೆ, ಇದ್ದಾರೆ ಸರ್ ಎಂದಷ್ಟೇ ಹೇಳಿ ತಿರುಗಿಕೊಂಡಿದ್ದಳು. ಬೆರಳ ತುದಿಯಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಸಂಜೆ ಮಕ್ಕಳಿಗೆ ಪಾಠ ಹೇಳುತ್ತಾಳೇನೋ, ಪಾಪ, ಮನೆ ನಡೆಸಲು ಒದ್ದಾಡುತ್ತಿದ್ದಾಳೆ ಎಂದುಕೊಂಡಿದ್ದ. ಪಾಪವಂತೆ ಪಾಪ.

ಅವಳ ಹೆಸರು ಬರೆದು ಪತ್ರ ಮುಗಿಸಿದ. ಆದರೆ ಸಹಿ ಹಾಕಲು ಕೈ ಬರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ. ಒಂದು ಮಾತೂ ಕೇಳದೆ ಅನ್ನ ಕಿತ್ತುಕೊಳ್ಳುವುದು ಹೇಗೆ? ಕಚೇರಿಯಲ್ಲಿ ಕೇಳೋಣವೆಂದರೆ ಗೋಡೆಗೂ ಕಿವಿ, ತಾನೇ ಹಾಕಿಸಿದ್ದು. ಕಡತದಿಂದ ವಿಳಾಸ ಬರೆದುಕೊಂಡು, ಪತ್ರವನ್ನು ಜೇಬಿಗೆ ತುರುಕಿ ಹೊರಟ.

ಏಳೂವರೆಯ ಹೊತ್ತಿಗೆ ಅವಳಿದ್ದ ವಠಾರದ ಮೂರನೆಯ ಮಹಡಿ ಹತ್ತಿದಾಗ ಮಂಡಿ ಎರಡೂ ಕಳಚಿ ಬೀಳುವಂತಾಗಿತ್ತು. ಗಂಡನೇ ಬಾಗಿಲು ತೆರೆದರೆ ಡ್ಯೂಟಿ ಬದಲಾಗಿದೆ ಎಂದು ಸುಳ್ಳು ಹೇಳುವುದು. ಊರವರ ಸಂಸಾರ ಒಡೆದ ಪಾಪ ತನಗೆ ಈ ವಯಸ್ಸಿನಲ್ಲಿ ಬೇಡ. ಗಂಟೆ ಒತ್ತಿದ.

ಬಾಗಿಲು ತೆರೆದವನು ಗಂಡಸು. ಕೆಮ್ಮಿ ಗಂಟಲು ಸರಿಮಾಡಿಕೊಂಡು, ಯಾರು ಬೇಕಿತ್ತು ಎಂದು ಕೇಳಿದ.

ಕಿವಿಯಪ್ಪ ಥಟ್ಟನೆ ಗುರುತು ಹಿಡಿದ. ಹದಿನೆಂಟು ದಿನ ಕಿವಿಯಲ್ಲಿಟ್ಟುಕೊಂಡಿದ್ದ ದನಿ ಅದು. ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ ಮುನ್ನೂರ ಹನ್ನೆರಡು ಇಲ್ಲಿಗೇ ಬಂದು ಕೂತಿದ್ದಾನಲ್ಲ, ಎಂಥ ಧೈರ್ಯ ಎಂದುಕೊಂಡ. ಆಮೇಲೆ ಅವನ ಬರಿಗಾಲು ಕಂಡಿತು, ಹರಿದ ಬನಿಯನ್ ಕಂಡಿತು, ಹಿಂದಿನ ಗೋಡೆಯ ಮೇಲೆ ಮದುವೆಯ ಫೋಟೊ ಕಂಡಿತು. ಫೋಟೊದಲ್ಲಿದ್ದವನು ಇವನೇ, ತಲೆ ತುಂಬ ಕೂದಲಿತ್ತು, ಅಷ್ಟೇ.

ಫೋಟೊದ ಕೆಳಗೆ ಒಂದು ಸ್ಲೇಟು ನೇತಾಡುತ್ತಿತ್ತು. ‘ಗ್ಯಾಸ್ ಮುಗಿದಿದೆ’ ಎಂದು ಒಂದು ಕೈಬರಹ, ‘ನಾಳೆ ಬರುತ್ತೆ’ ಎಂದು ಅದರ ಕೆಳಗೆ ಇನ್ನೊಂದು. ಒಳಗಿನಿಂದ ಬಂದ ಆಪರೇಟರಮ್ಮ ಕಿವಿಯಪ್ಪನನ್ನು ಕಂಡು ಬಿಳಿಚಿಕೊಂಡಳು. ಕೂತ್ಕೊಳ್ಳಿ ಸರ್ ಎಂದಳು. ಗಂಡನ ಕಡೆ ತಿರುಗದೆ ಸೀಮೆಸುಣ್ಣ ತೆಗೆದುಕೊಂಡು ಸ್ಲೇಟಿನ ಮೇಲೆ ‘ಮೂರು ಟೀ’ ಎಂದು ಬರೆದಳು. ಅವನು ಓದಿ ಅಡುಗೆಮನೆಗೆ ಹೋದ.

ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಯಿತಂತೆ. ಜಗಳ ಯಾವುದಕ್ಕೆ ಶುರುವಾಯಿತೆಂದು ಅವಳಿಗೆ ನೆನಪಿಲ್ಲವಂತೆ. ಅವನಿಗೂ ಇರಲಾರದು, ಕೇಳುವುದಕ್ಕೆ ಆಗಿಲ್ಲ. ಮೊದಲ ಎರಡು ವರ್ಷವಂತೂ ಬರೀ ಸ್ಲೇಟೇ. ಆಮೇಲೆ ಜಾಲ ಒಂದಾಯಿತು.

ಕಿವಿಯಪ್ಪ ಜೇಬಿನೊಳಗೇ ಪತ್ರವನ್ನು ಮುದ್ದೆಮಾಡಿದ. ಪರೀಕ್ಷೆಯನ್ನು ಉದ್ದ ಮಾಡಲು ಹೇಳಿದ್ದು ನಾನೇ ಎಂದು ಬರೆದುಕೊಟ್ಟರಾಯಿತು, ಇನ್ನು ಎಂಟು ತಿಂಗಳಿರುವವನನ್ನು ಏನು ಮಾಡಿಯಾರು. ಆದರೂ ಕೇಳದೆ ಇರಲಾಗಲಿಲ್ಲ. “ಅಲ್ಲಿ ಆಡೋ ಮಾತು ಇಲ್ಲೇ ಆಡ್ಬಾರ್ದೇನಮ್ಮ?”

ಆಪರೇಟರಮ್ಮ ಬೆರಳಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. “ಅಲ್ಲಿ ಯಾರು ಮೊದಲು ಮಾತಾಡ್ಬೇಕು ಅಂತ ರೂಲ್ಸ್ ಇದೆ, ಸರ್.”